ತುಟಿಯಿಂದ ಜಾರಿದ ಗುಂಡುಸೂಜಿ

ಟೈಲರ್‌ಗಳಿಗೆ ತುಟಿಯೇ ಮೂರನೇ ಕೈ. ಬ್ಲೌಸಿಗೆ ಟಕ್ಸ್ ಹಿಡಿಯುವಾಗ, ಪ್ಯಾಂಟಿನ ಉದ್ದ ಮಡಚುವಾಗ ಐದಾರು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದೇ ತೆಗೆದು ಚುಚ್ಚುತ್ತ ಹೋಗುತ್ತೇವೆ. ನಲವತ್ತು ವರ್ಷ ಹಾಗೆ ಮಾಡಿದವನು ನಾನು. 2022ರ ಸಂಕ್ರಾಂತಿ ಕಳೆದು ಮದುವೆ ಬಟ್ಟೆಗಳ ಗಡಿಬಿಡಿ ಶುರುವಾದಾಗ ಎಡಗಡೆಯ ಸೂಜಿಗಳು ಮಾತ್ರ ಜಾರಿ ಬೀಳತೊಡಗಿದವು. ವಯಸ್ಸಾಯಿತು ಅಂದುಕೊಂಡೆ. ಒಂದು ಸಂಜೆ ಅಳತೆ ಕೊಡಲು ಬಂದಿದ್ದ ಹೆಂಗಸು, “ತುಟೀಲಿ ರಕ್ತ ಬರ್ತಾ ಐತಲ್ಲಣ್ಣ” ಅಂದರು. ಕೆಳತುಟಿಗೆ ಸೂಜಿ ಚುಚ್ಚಿಕೊಂಡು ನಿಂತಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಅರಸೀಕೆರೆ ಕಡೆಯ ಊರು ನಮ್ಮದು. ಹದಿನೇಳಕ್ಕೆ ಮಿಷನ್ ಮುಂದೆ ಕೂತೆ. ನನಗೆ ಕೆಲಸ ಕಲಿಸಿದವರು ಅಂಗಡಿಯಲ್ಲಿ ಬೀಡಿ ಹಚ್ಚಲು ಬಿಡುತ್ತಿರಲಿಲ್ಲ. ಗಿರಾಕಿಯ ಸೀರೆಯ ಮೇಲೆ ಒಂದು ಕಿಡಿ ಬಿದ್ದರೆ ತಿಂಗಳ ಸಂಪಾದನೆ ಅಲ್ಲಿಗೆ ಹೋಯಿತು. ಅದಕ್ಕೇ ನಮ್ಮ ಕಸುಬಿನಲ್ಲಿ ಬೀಡಿಗಿಂತ ಕಡ್ಡಿಪುಡಿಯ, ಅಂದರೆ ಹೊಗೆಸೊಪ್ಪಿನ ಪುಡಿಯ ಚಟ ಜಾಸ್ತಿ. ಕೈ ಎರಡೂ ಬಟ್ಟೆಯ ಮೇಲೆ, ಕಾಲು ಎರಡೂ ಪೆಡಲಿನ ಮೇಲೆ, ಬಿಡುವಾಗಿರುವುದು ಬಾಯೊಂದೇ. ಎರಡು ಹೋಳು ಅಡಿಕೆ, ಉಗುರಲ್ಲಿ ಗೀರಿದಷ್ಟು ಸುಣ್ಣ, ಒಂದು ಚಿಟಿಕೆ ಕಡ್ಡಿಪುಡಿ, ಎಲ್ಲವನ್ನೂ ಎಡಗೆನ್ನೆಗೂ ಕೆಳವಸಡಿಗೂ ನಡುವಿನ ಸಂದಿಗೆ ತಳ್ಳಿಬಿಟ್ಟರೆ ಒಂದು ಅಂಗಿ ಮುಗಿಯುವವರೆಗೆ ನಿಶ್ಚಿಂತೆ. ಯಾವಾಗಲೂ ಎಡಗಡೆಗೇ. ಮಲಗುವಾಗಲೂ ಎಷ್ಟೋ ಸಲ ಅಲ್ಲೇ ಇರುತ್ತಿತ್ತು. 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧ ಮಾಡಿದಾಗ, ಸದ್ಯ ನಾನು ಗುಟ್ಕಾ ತಿನ್ನುವವನಲ್ಲ ಎಂದು ಎದೆಯುಬ್ಬಿಸಿಕೊಂಡಿದ್ದೆ.

ಆ ಸಂದಿಯ ಪಕ್ಕದ ಎರಡು ದವಡೆಹಲ್ಲು 2017ರಲ್ಲೇ ಅಲ್ಲಾಡಿ ಹೋದವು. ಕೀಳಿಸಿದೆ, ಬೇರೆ ಕಟ್ಟಿಸಲಿಲ್ಲ. ಹಲ್ಲು ಹೋದ ಜಾಗ ಕಡ್ಡಿಪುಡಿಗೆ ಇನ್ನಷ್ಟು ಅನುಕೂಲವಾಯಿತು ಅಂದರೆ ನಗಬೇಡಿ, ಹಾಗೆಯೇ ಆಯಿತು. 2021ರ ಡಿಸೆಂಬರ್‌ನಲ್ಲಿ ಅದರ ಮುಂದಿನ ಹಲ್ಲೂ ಅಲುಗಾಡಿತು. ಪಕ್ಕದ ಪಟ್ಟಣದ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋದೆ. ಎಕ್ಸ್‌ರೇ ತೆಗೆಯಲಿಲ್ಲ, ಬೆರಳಲ್ಲಿ ಅಲ್ಲಾಡಿಸಿ ನೋಡಿ ಹತ್ತು ನಿಮಿಷದಲ್ಲಿ ಕಿತ್ತು ಕೈಗೆ ಕೊಟ್ಟರು. ಆ ಗಾಯ ಮಾಯಲೇ ಇಲ್ಲ. ವಾರಕ್ಕೆ ಮಾಯಬೇಕಾದದ್ದು ತಿಂಗಳಾಯಿತು, ಎರಡು ತಿಂಗಳಾಯಿತು. ಗುಳಿಗೆ ಬದಲಾಯಿಸಿ ಕೊಟ್ಟರು, ಉಪ್ಪುನೀರು ಮುಕ್ಕಳಿಸಲು ಹೇಳಿದರು. ಗುಳಿಯೊಳಗಿಂದ ಹೂಕೋಸಿನಂಥ ಮಾಂಸ ಮೇಲೆದ್ದಿತು. ತುಟಿಯ ಮರಗಟ್ಟುವಿಕೆಯನ್ನು ಹಲ್ಲು ಕೀಳುವಾಗ ಕೊಟ್ಟ ಇಂಜೆಕ್ಷನ್ನಿನ ಜೋಮು ಇನ್ನೂ ಇಳಿದಿಲ್ಲ ಎಂದುಕೊಂಡಿದ್ದೆ. ಎರಡು ತಿಂಗಳ ಮೇಲೂ ಇಳಿಯದ ಜೋಮು ಯಾವುದು ಎಂದು ಕೇಳುವ ಬುದ್ಧಿ ನನಗೂ ಬರಲಿಲ್ಲ, ಅವರಿಗೂ ಬರಲಿಲ್ಲ.

ಸೂಜಿಯ ಸಂಗತಿ ನೋಡಿದ ಮೇಲೆ ಮಗಳು ಬಿಡಲಿಲ್ಲ, ಹಾಸನದಲ್ಲಿ ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆಕೆ ಚಿಕ್ಕ ವಯಸ್ಸಿನವರು. ಬಾಯಿ ನೋಡುವ ಮೊದಲೇ ಹತ್ತಿಯ ಎಳೆಯನ್ನು ಹೊಸೆದು, ಕಣ್ಣು ಮುಚ್ಚಿಸಿ, ತುಟಿ ಗದ್ದದ ಮೇಲೆ ಅಲ್ಲಲ್ಲಿ ಮುಟ್ಟಿಸಿದರು. ಬಲಗಡೆ ಮುಟ್ಟಿದ್ದೆಲ್ಲ ಗೊತ್ತಾಗುತ್ತಿತ್ತು. ಎಡಗಡೆ ಏನೂ ಇಲ್ಲ. ಅದೂ ಹೇಗೆ, ಚಾಕಿನಲ್ಲಿ ಗೆರೆ ಎಳೆದ ಹಾಗೆ ಗದ್ದದ ನಟ್ಟನಡುವೆ ಬಂದು ನಿಲ್ಲುತ್ತಿತ್ತು. ಅವರು ಹೇಳಿದ್ದು ಇಷ್ಟು: ಕೆಳದವಡೆಯ ಮೂಳೆಯೊಳಗೆ ಒಂದು ಕೊಳವೆಯಿದೆ, ಅದರಲ್ಲಿ ಒಂದು ನರ ಹೋಗುತ್ತದೆ, ಹಲ್ಲುಗಳಿಗೆ ಕವಲು ಕೊಟ್ಟುಕೊಂಡು ಬಂದು ಗದ್ದದ ಹತ್ತಿರ ಮೂಳೆಯಿಂದ ಹೊರಬಿದ್ದು ತುಟಿಗೆ ಸೇರುತ್ತದೆ. ಹುಣ್ಣು ಬಾಯಲ್ಲಿ ಕಾಣುತ್ತಿದ್ದು ತುಟಿ ಸತ್ತಿದೆ ಎಂದರೆ ಹುಣ್ಣು ಮೂಳೆಯೊಳಗೆ ಇಳಿದಿರಬಹುದು. ಹುಣ್ಣಿನ ಅಂಚಿನಿಂದ ಮೆಣಸಿನ ಕಾಳಿನಷ್ಟು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಎಂಟು ದಿನಕ್ಕೆ ವರದಿ ಬಂತು, ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದರೆ ಬಾಯಿಯ ಕ್ಯಾನ್ಸರ್. ನಮ್ಮ ಕಡೆ ಆ ಕಾಯಿಲೆಯ ಹೆಸರನ್ನು ಯಾರೂ ಹೇಳುವುದಿಲ್ಲ. “ಕಿದ್ವಾಯಿ ಕೇಸಂತೆ” ಅಂತಾರೆ. 1973ರಲ್ಲಿ ಶುರುವಾದ ಒಂದು ಆಸ್ಪತ್ರೆಯ ಹೆಸರೇ ಊರೂರಲ್ಲಿ ರೋಗದ ಹೆಸರಾಗಿಬಿಟ್ಟಿದೆ. ನನ್ನ ಚಿಕಿತ್ಸೆ ನಡೆದದ್ದು ಬೆಂಗಳೂರಿನ ಇನ್ನೊಂದು ಆಸ್ಪತ್ರೆಯಲ್ಲಿ, ಆದರೂ ಊರಿಗೆ ನಾನು ಕಿದ್ವಾಯಿ ಕೇಸೇ.

ಅಲ್ಲಿ ಮೊದಲು ತೆಗೆದದ್ದು ಓಪಿಜಿ, ಇಡೀ ದವಡೆಯ ಎಕ್ಸ್‌ರೇ. ಒಂದು ಕಡ್ಡಿಯನ್ನು ಮುಂದಿನ ಹಲ್ಲಲ್ಲಿ ಕಚ್ಚಿಸಿ ಅಲುಗಾಡದೆ ನಿಲ್ಲಿಸುತ್ತಾರೆ, ಮಿಷನ್ ತಲೆಯ ಸುತ್ತ ಒಂದು ಸುತ್ತು ಬರುತ್ತದೆ. ಕಂಪ್ಯೂಟರಿನಲ್ಲಿ ಚಿತ್ರ ಬಂದಾಗ ನನಗೆ ತಕ್ಷಣ ಅರ್ಥವಾಯಿತು. ತೋಳಿನ ಹೊಲಿಗೆ ಬಿಚ್ಚಿ ಮೇಜಿನ ಮೇಲೆ ಹರಡಿದ ಹಾಗೆ ನನ್ನ ದುಂಡನೆಯ ದವಡೆಯನ್ನು ಬಿಡಿಸಿ ಚಪ್ಪಟೆಯಾಗಿ ಹಾಸಿದ್ದರು. ಈ ಕಿವಿಯಿಂದ ಆ ಕಿವಿಯವರೆಗೆ ಒಂದೇ ಪಟ್ಟಿ. ಬಲಗಡೆ ಮೂಳೆಯ ಮೇಲಂಚು ನೀಟಾಗಿತ್ತು. ಎಡಗಡೆ ಹಲ್ಲಿಲ್ಲದ ಕಡೆ ಮೂಳೆಯೇ ಗಿಡ್ಡವಾಗಿತ್ತು, ಅದರ ಮಧ್ಯೆ ನುಸಿ ತಿಂದ ಉಣ್ಣೆಬಟ್ಟೆಯ ಹಾಗೆ ತೂತುತೂತು, ಅಂಚು ಹರಕು. ನಾನು “ನುಸಿ ಹೊಡೆದಂಗದೆ” ಅಂದೆ. ಸರ್ಜನ್ ನಕ್ಕು, ನಾವೂ ಅದಕ್ಕೆ ಅದನ್ನೇ ಹೇಳೋದು, ನಮ್ಮ ಪುಸ್ತಕದಲ್ಲೂ ನುಸಿ ತಿಂದದ್ದು ಅಂತಲೇ ಬರೆದಿರೋದು ಅಂದರು.

ಮೂಳೆ ಗಿಡ್ಡವಾದದ್ದು ಕ್ಯಾನ್ಸರಿನಿಂದಲ್ಲ. ಈ ಮಾತು ನನಗೆ ಹೊಸದು. ದವಡೆಯ ಮೇಲ್ಭಾಗದ ಮೂಳೆ ಇರುವುದೇ ಹಲ್ಲು ಹಿಡಿದುಕೊಳ್ಳಲು. ಹಲ್ಲು ಕಿತ್ತ ಮೇಲೆ ಅದಕ್ಕೆ ಕೆಲಸವಿಲ್ಲ, ವರ್ಷ ವರ್ಷ ಕರಗುತ್ತ ಹೋಗುತ್ತದೆ. ಮುದುಕರ ಬಾಯಿ ಒಳಗೆ ಸೇದಿಕೊಂಡು ಗದ್ದ ಮೂಗಿಗೆ ಹತ್ತಿರ ಬರುವುದು ಅದಕ್ಕೇ. ಮೇಲಂಚು ಕರಗಿದಷ್ಟೂ ನರದ ಕೊಳವೆ ಬಾಯಿಗೆ ಹತ್ತಿರವಾಗುತ್ತದೆ. ಹಲ್ಲು ಕಿತ್ತ ಜಾಗದಲ್ಲಿ ಮೂಳೆಯ ಗಟ್ಟಿ ಸಿಪ್ಪೆಯೂ ಪೂರ್ತಿ ಕೂಡಿಕೊಂಡಿರುವುದಿಲ್ಲ. ಹುಣ್ಣಿಗೆ ಒಳದಾರಿ ಸಿಕ್ಕುವುದು ಹೀಗೆ. ಇನ್ನೊಂದು ವಿಚಿತ್ರ ಕೇಳಿ, ಕ್ಯಾನ್ಸರ್ ತಾನೇ ಮೂಳೆ ತಿನ್ನುವುದಿಲ್ಲವಂತೆ. ನಮ್ಮೆಲ್ಲರ ಮೂಳೆಯಲ್ಲೂ ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳು ಇರುತ್ತವೆ, ಅವುಗಳ ಹಿಂದೆಯೇ ಹೊಸದನ್ನು ಕಟ್ಟುವವೂ ಇರುತ್ತವೆ. ಕ್ಯಾನ್ಸರ್ ಕರಗಿಸುವವರಿಗೆ ಕುಮ್ಮಕ್ಕು ಕೊಡುತ್ತದೆ. ನನ್ನ ಮನೆಯ ಕೆಲಸದವರೇ ನನ್ನ ಗೋಡೆ ಕೆಡವಿ ಕಳ್ಳನಿಗೆ ದಾರಿ ಮಾಡಿಕೊಟ್ಟಿದ್ದರು. ಸುಮಾರು ಮೂರರಲ್ಲೊಂದು ಪಾಲು ಸುಣ್ಣದಂಶ ಕರಗಿದ ಮೇಲೇ ಎಕ್ಸ್‌ರೇಗೆ ಕಾಣುವುದು ಎಂದೂ ಹೇಳಿದರು. ಕಂಡದ್ದಕ್ಕಿಂತ ಹೆಚ್ಚೇ ಹೋಗಿರುತ್ತದೆ ಅಂತ ಅರ್ಥ.

ಸಿ.ಟಿ. ಸ್ಕ್ಯಾನಿನಲ್ಲಿ ಕೆನ್ನೆ ಉಬ್ಬಿಸಿ ಗಾಳಿ ಹಿಡಿದುಕೊಳ್ಳಿ ಅಂದರು. ಕೆನ್ನೆಯೂ ವಸಡೂ ಒಂದಕ್ಕೊಂದು ಅಂಟಿಕೊಂಡಿದ್ದರೆ ಹುಣ್ಣು ಯಾವುದರದು ಎಂದು ತಿಳಿಯುವುದಿಲ್ಲ, ನಡುವೆ ಗಾಳಿ ನಿಂತರೆ ಬೇರೆ ಬೇರೆ ಕಾಣುತ್ತವೆ. ನನಗೆ ಗಾಳಿ ನಿಲ್ಲಲಿಲ್ಲ. ಸತ್ತ ತುಟಿಯಿಂದ ಪುಸ್ ಎಂದು ಹೋಗಿಬಿಡುತ್ತಿತ್ತು. ಕೊನೆಗೆ ಎರಡು ಬೆರಳಲ್ಲಿ ತುಟಿ ಒತ್ತಿ ಹಿಡಿದು ಮಲಗಿದೆ, ಪೀಪಿ ಊದುವ ಹುಡುಗನ ಹಾಗೆ.

ವರದಿಯಲ್ಲಿ 4ಎ ಹಂತ ಎಂದಿತ್ತು. ನಾಲ್ಕು ಎಂದ ಕೂಡಲೇ ಹೆಂಡತಿ ಕಾರಿಡಾರಿನಲ್ಲೇ ಕುಸಿದು ಕೂತಳು. ಐದನೆಯದಿಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರು. ಡಾಕ್ಟರು ಅವಳ ಪಕ್ಕದ ಬೆಂಚಿಗೇ ಬಂದು ಕೂತು ಬಿಡಿಸಿ ಹೇಳಿದರು. ಹುಣ್ಣು ಎಷ್ಟು ಸಣ್ಣದಿದ್ದರೂ ದವಡೆಯ ಗಟ್ಟಿ ಪದರ ದಾಟಿ ಒಳಗೆ ಹೋದರೆ ಲೆಕ್ಕ ನಾಲ್ಕಕ್ಕೆ ಹಾರುತ್ತದೆ, ‘ಎ’ ಅಂದರೆ ಇನ್ನೂ ಆಪರೇಷನ್ ಮಾಡಿ ತೆಗೆಯಬಹುದಾದದ್ದು. ಆ ‘ಎ’ ಅಕ್ಷರದ ಮೇಲೆ ನಾವು ಎರಡು ತಿಂಗಳು ಬದುಕಿದೆವು.

ಆಮೇಲೆ ಒಂದು ಬುಧವಾರ ಸರ್ಜನ್, ರೇಡಿಯೇಷನ್ ಡಾಕ್ಟರು, ಪ್ಲಾಸ್ಟಿಕ್ ಸರ್ಜನ್, ಹಲ್ಲಿನವರು ಎಲ್ಲ ಸೇರಿ ನನ್ನ ಫೈಲು ನೋಡಿದರು. ನಾನು ಕೇಳಿದ್ದು ಒಂದೇ, ದವಡೆ ಪೂರ್ತಿ ಕತ್ತರಿಸಲೇಬೇಕಾ? ಪಕ್ಕದ ಹಾಸಿಗೆಯವರಿಗೆ ಮೇಲಂಚು ಮಾತ್ರ ತೆಗೆದು ಕೆಳಗಿನ ಮೂಳೆ ಉಳಿಸಿದ್ದರು, ಅವರ ಮುಖ ಒಂಚೂರೂ ಬದಲಾಗಿರಲಿಲ್ಲ. ಸರ್ಜನ್ ಸ್ಕೇಲು ತೆಗೆದು ತೋರಿಸಿದರು. ಹಾಗೆ ಮಾಡಬೇಕಾದರೆ ಕೆಳಗೆ ಕನಿಷ್ಠ ಒಂದು ಸೆಂಟಿಮೀಟರ್ ಗಟ್ಟಿ ಮೂಳೆ ಉಳಿಯಬೇಕು, ಇಲ್ಲವಾದರೆ ಒಂದು ದಿನ ರೊಟ್ಟಿ ಅಗಿಯುವಾಗ ಲಟ್ಟೆಂದು ಮುರಿಯುತ್ತದೆ. ನನ್ನದು ಮೊದಲೇ ಕರಗಿ ಗಿಡ್ಡವಾದ ಮೂಳೆ, ಜೊತೆಗೆ ಒಳಗಿನ ಮಜ್ಜೆಗೂ ನರಕ್ಕೂ ಹುಣ್ಣು ಮುಟ್ಟಿದೆ. ಸೀಳಿ ಅರ್ಧ ಉಳಿಸುವ ಮಾತಿಲ್ಲ. ಗದ್ದದ ಎಡಬದಿಯಿಂದ ಕಿವಿಯ ಕೆಳಗಿನ ಕೀಲಿನ ಹತ್ತಿರದವರೆಗೆ ತೆಗೆಯಬೇಕು. ಬಟ್ಟೆಯಲ್ಲಿ ಮಾರ್ಜಿನ್ ಇಲ್ಲದಿದ್ದರೆ ನಾನೂ ಗಿರಾಕಿಗೆ ಇದನ್ನೇ ಹೇಳುತ್ತೇನೆ.

ಮೂಳೆ ತೆಗೆದು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಹೊರರೋಗಿ ವಿಭಾಗದ ಬೆಂಚಿನಲ್ಲೇ ನೋಡಿದೆ. ಎಷ್ಟೋ ವರ್ಷದ ಹಿಂದೆ ಆಪರೇಷನ್ ಆದ ಒಬ್ಬರು ಕೂತಿದ್ದರು. ಗದ್ದ ಕತ್ತರಿಸಿದ ಕಡೆಗೆ ಜಾರಿತ್ತು, ಬಾಯಿ ತೆರೆದರೆ ಇನ್ನೂ ಓರೆಯಾಗುತ್ತಿತ್ತು. ಮೇಲಿನ ಹಲ್ಲು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ದವಡೆ ಅಂದರೆ ಎರಡೂ ಕೀಲಿಗೆ ತೂಗುಹಾಕಿದ ತೊಟ್ಟಿಲಿನಂತೆ, ಒಂದು ಕಡೆಯ ಹಗ್ಗ ಹೋದರೆ ಸ್ನಾಯುಗಳು ಉಳಿದದ್ದನ್ನು ಎಳೆದುಕೊಳ್ಳುತ್ತವೆ. ಮುಂಭಾಗದ ಗದ್ದದ ಮೂಳೆಯೇ ಹೋದರಂತೂ ಕೆಳತುಟಿಗೆ ಆಸರೆಯೇ ಇರುವುದಿಲ್ಲ, ಜೊಲ್ಲು ನಿಲ್ಲುವುದಿಲ್ಲ. ಬೆಂಚಿನ ಮೇಲಿದ್ದವರು ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡು, “ನನ್ನ ಕಾಲದಲ್ಲಿ ಕಾಲಿನ ಮೂಳೆ ಹಾಕೋದು ಇರಲಿಲ್ಲ ನಮ್ಮ ಕೈಗೆಟುಕೋ ಹಂಗೆ. ನೀವು ಹಾಕಿಸ್ಕೊಳಿ,” ಅಂದರು.

ಕಾಲಿನ ಮೂಳೆ! ಮೊಣಕಾಲಿನ ಕೆಳಗೆ ಎರಡು ಮೂಳೆಗಳಿವೆ. ಭಾರ ಹೊರುವುದು ದಪ್ಪನೆಯದು. ಹೊರಬದಿಯಲ್ಲಿ ಕಡ್ಡಿಯಂತಿರುವ ಇನ್ನೊಂದು ಫಿಬುಲಾ, ಅದರ ಮೇಲೆ ಭಾರ ಬೀಳುವುದು ಅಷ್ಟಕ್ಕಷ್ಟೆ. ಮೇಲೆ ಮೊಣಕಾಲಿನ ಹತ್ತಿರ ಮತ್ತು ಕೆಳಗೆ ಹಿಮ್ಮಡಿಯ ಗಂಟಿನ ಹತ್ತಿರ ಆರೆಂಟು ಸೆಂಟಿಮೀಟರ್ ಬಿಟ್ಟು ನಡುವಿನದನ್ನು ಅದರ ರಕ್ತನಾಳ ಮತ್ತು ಒಂದು ತುಂಡು ಚರ್ಮದ ಸಮೇತ ತೆಗೆದು ದವಡೆಗೆ ಕೂಡಿಸುತ್ತಾರೆ. 1989ರಿಂದ ಜಗತ್ತಿನಲ್ಲಿ ನಡೆಯುತ್ತಿರುವ ವಿದ್ಯೆ ಅಂತ ಪ್ಲಾಸ್ಟಿಕ್ ಸರ್ಜನ್ ಹೇಳಿದರು. ನಾನು ಕೇಳಿದೆ, “ಯಾವ ಕಾಲು ಸಾರ್?” ಅವರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಕಾಲು ಎರಡೂ ಒಂದೇ ಅಲ್ಲ ನನಗೆ. ಪೆಡಲಿನ ಮೇಲೆ ನನ್ನ ಬಲಗಾಲು ಮುಂದಿರುತ್ತದೆ, ಹೊಲಿಗೆ ನಿಲ್ಲಿಸುವುದು ಬಲಗಾಲಿನ ಹೆಬ್ಬೆರಳು. ಅವರು ಕಾಗದದ ಮೇಲೆ ಬರೆದುಕೊಂಡರು. ಎರಡೂ ಕಾಲಿನ ರಕ್ತನಾಳದ ಸ್ಕ್ಯಾನ್ ಮಾಡಿ, ಪಾದಕ್ಕೆ ಬೇರೆ ನಾಳಗಳಿಂದ ರಕ್ತ ಸಾಕಷ್ಟು ಹೋಗುತ್ತಿದೆ ಎಂದು ಖಾತ್ರಿ ಮಾಡಿಕೊಂಡು, ಎಡಗಾಲಿನದನ್ನೇ ತೆಗೆಯುವುದೆಂದು ನಿರ್ಧಾರವಾಯಿತು.

ಆಪರೇಷನ್‌ಗೆ ಮೂರು ದಿನ ಮುಂಚೆ ಒಂದು ಬಿಳಿ ಪ್ಲಾಸ್ಟಿಕ್ ದವಡೆ ಮೇಜಿನ ಮೇಲಿಟ್ಟರು. ನನ್ನದೇ. ಸಿ.ಟಿ. ಚಿತ್ರದಿಂದ ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆದದ್ದು. ಹುಣ್ಣು ತಿಂದ ಎಡಭಾಗವನ್ನು ಹಾಗೇ ಅಚ್ಚು ಹಾಕಿದರೆ ಪ್ರಯೋಜನವಿಲ್ಲವಲ್ಲ. ಅದಕ್ಕೆ ಕಂಪ್ಯೂಟರಿನಲ್ಲಿ ಬಲಭಾಗವನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ತಿರುಗಿಸಿ ಎಡಕ್ಕೆ ಕೂಡಿಸಿದ್ದರು. ಬಟ್ಟೆ ಎರಡು ಮಡಿಕೆ ಮಾಡಿ ಒಂದೇ ಸಲ ಕತ್ತರಿ ಹಾಕಿದರೆ ಎಡಬಲ ಸಮ ಬರುತ್ತದೆ, ನಾವು ಮಾಡುವುದೂ ಅದನ್ನೇ. ಟೈಟಾನಿಯಂ ಪ್ಲೇಟನ್ನು ಆ ಮಾದರಿಯ ಮೇಲಿಟ್ಟು ಮೊದಲೇ ಬಗ್ಗಿಸಿಟ್ಟಿದ್ದರು. ಕಾಲಿನ ಮೂಳೆ ನೇರ, ದವಡೆಗೆ ಕಿವಿಯ ಕೆಳಗೆ ತಿರುವು. ನೇರ ಬಟ್ಟೆಗೆ ತಿರುವು ಕೊಡಬೇಕಾದರೆ ತ್ರಿಕೋನದ ಕಚ್ಚು ಹಾಕಲೇಬೇಕು. ಅವರೂ ಹಾಗೆಯೇ, ಮೂಳೆಯಲ್ಲಿ ಒಂದು ತ್ರಿಕೋನ ತೆಗೆದು ಎರಡು ತುಂಡು ಮಾಡಿ ಬಗ್ಗಿಸುತ್ತೇವೆ ಅಂದರು. ರಕ್ತನಾಳ ಮಾತ್ರ ಎಲ್ಲೂ ಕತ್ತರಿಸಬಾರದು, ಒಳಗಿನ ಲೈನಿಂಗ್‌ನಂತೆ ಅಖಂಡವಾಗಿರಬೇಕು. ಆ ಹೊತ್ತಿಗೆ ನನಗೆ ಭಯವೇ ಮರೆತುಹೋಗಿತ್ತು ನೋಡಿ. ಕಸುಬಿನವನು ಕಸುಬಿನವನ ಹತ್ತಿರ ಮಾತಾಡುತ್ತಿದ್ದೆ.

ಭಯ ಬಂದದ್ದು ಅವರು ನೇರಳೆ ಮಾರ್ಕರಿನಲ್ಲಿ ಕಾಲಿನ ಮೇಲೆ ಗೆರೆ ಎಳೆದ ರಾತ್ರಿ.

ಆಪರೇಷನ್ ಹತ್ತು ಗಂಟೆ ದಾಟಿತಂತೆ. ಒಂದು ತಂಡ ಬಾಯಿ ಮತ್ತು ಕುತ್ತಿಗೆಯಲ್ಲಿ, ಇನ್ನೊಂದು ತಂಡ ಅದೇ ಹೊತ್ತಿಗೆ ಕಾಲಲ್ಲಿ. ಎಚ್ಚರವಾದಾಗ ಕುತ್ತಿಗೆಯಲ್ಲಿ ತೂತು, ಅದರೊಳಗೆ ಉಸಿರಿನ ನಳಿಗೆ, ಮೂಗಲ್ಲಿ ಊಟ ಇಳಿಸುವ ರೈಲ್ಸ್ ಟ್ಯೂಬು, ಕುತ್ತಿಗೆಯ ಪಕ್ಕದಲ್ಲಿ ರಕ್ತ ಇಳಿಯುವ ಬಾಟಲಿ, ಕಾಲಿಗೆ ಕಟ್ಟು, ತೊಡೆಯಿಂದ ಚರ್ಮ ತೆಗೆದು ಕಾಲಿಗೆ ಹಾಕಿದ್ದರಿಂದ ತೊಡೆಗೂ ಪಟ್ಟಿ. ಮಾತಿಲ್ಲ. ಮಗಳು ಸ್ಲೇಟು ತಂದಿದ್ದಳು. ನಾನು ಮೊದಲು ಬರೆದದ್ದು “ಮಿಷನ್‌ಗೆ ಎಣ್ಣೆ ಬಿಡು” ಅಂತ. ಯಾಕೆ ಹಾಗೆ ಬರೆದೆನೋ ಇವತ್ತಿಗೂ ಗೊತ್ತಿಲ್ಲ.

ಮೊದಲ ಮೂರು ರಾತ್ರಿ ಗಂಟೆಗೊಮ್ಮೆ ನರ್ಸ್ ಬಂದು ಟಾರ್ಚ್ ಹಾಕಿ ಬಾಯೊಳಗಿನ ಚರ್ಮದ ಬಣ್ಣ ನೋಡುತ್ತಿದ್ದರು. ಬಿಳಿಚಿದರೆ ರಕ್ತ ಒಳಗೆ ಬರುತ್ತಿಲ್ಲ, ನೀಲಿಯಾದರೆ ಹೊರಗೆ ಹೋಗುತ್ತಿಲ್ಲ. ಪೆನ್ನಿನಂಥ ಒಂದು ಸಾಧನವಿಟ್ಟರೆ ಶೂಕ್ ಶೂಕ್ ಎಂಬ ಸದ್ದು. ಕಾಲಿನ ರಕ್ತನಾಳವನ್ನು ಕುತ್ತಿಗೆಯ ರಕ್ತನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿದಿದ್ದರು. ಕೂದಲಿಗಿಂತ ಸಣ್ಣ ದಾರವಂತೆ. ನಾಳದ ಅಗಲ ಎರಡು ಮೂರು ಮಿಲಿಮೀಟರ್. ನನ್ನ ಜೀವಮಾನದಲ್ಲಿ ನಾನು ಕಾಣದೇ ಹೋದ ಅತ್ಯುತ್ತಮ ಹೊಲಿಗೆ ಅದು.

ಎಂಟನೇ ದಿನ ಕುತ್ತಿಗೆಯ ನಳಿಗೆ ತೆಗೆದರು. ಊಟ ಮಾತ್ರ ಮೂಗಿನಿಂದಲೇ, ಎರಡು ಗಂಟೆಗೊಮ್ಮೆ: ಬಟ್ಟೆಯಲ್ಲಿ ಸೋಸಿದ ರಾಗಿ ಅಂಬಲಿ, ಹಾಲು, ಬೇಳೆಕಟ್ಟು. ಮೂರನೇ ವಾರ ಕನ್ನಡಿಯಲ್ಲಿ ಬಾಯಿ ಬಿಟ್ಟು ನೋಡಿಕೊಂಡೆ. ಒಳಗೆ ಕೆನ್ನೆಯ ಜಾಗದಲ್ಲಿ ಕಾಲಿನ ಚರ್ಮ, ಅದರ ಮೇಲೆ ಕರೀ ಕೂದಲು! ಕಾಲಿನ ಚರ್ಮಕ್ಕೆ ತಾನು ಬಾಯಿಗೆ ಬಂದದ್ದು ಗೊತ್ತಾಗಿಲ್ಲ, ತನ್ನ ಪಾಡಿಗೆ ಕೂದಲು ಬೆಳೆಸುತ್ತಿದೆ. ಹೆಂಡತಿ ಎರಡು ತಿಂಗಳಲ್ಲಿ ಮೊದಲ ಸಲ ನಕ್ಕಳು: “ಇಷ್ಟು ವರ್ಷ ಗಡ್ಡ ಹೆರೆಸ್ಕೊಳಿ ಅಂತ ಬೈತಿದ್ದೆ, ಇನ್ನು ಬಾಯೂ ಹೆರೆಸ್ಬೇಕು.” ರೇಡಿಯೇಷನ್ ಆದ ಮೇಲೆ ಅದು ತಾನೇ ಉದುರಿತು.

ತೆಗೆದ ಮೂಳೆಯ ವರದಿ ಮಾಂಸದ ವರದಿಗಿಂತ ತಡವಾಗಿ ಬಂತು. ಮೂಳೆಯನ್ನು ಆಮ್ಲದಲ್ಲಿ ದಿನಗಟ್ಟಲೆ ನೆನೆಸಿ ಸುಣ್ಣ ಕರಗಿಸಿ ಮೆತ್ತಗೆ ಮಾಡಿದ ಮೇಲೇ ಅದನ್ನು ತೆಳ್ಳಗೆ ಸೀಳಿ ನೋಡಲು ಸಾಧ್ಯ. ಅಂಚುಗಳಲ್ಲಿ ರೋಗವಿಲ್ಲ, ಮಜ್ಜೆಯಲ್ಲಿ ಇದೆ, ಕುತ್ತಿಗೆಯಿಂದ ತೆಗೆದ ಹಾಲುರಸದ ಗಂಟುಗಳಲ್ಲಿ (ಲಿಂಫ್ ನೋಡ್) ಒಂದರಲ್ಲಿ ಇದೆ. ಹಾಗಾಗಿ ರೇಡಿಯೇಷನ್ ಬೇಕೇ ಬೇಕು, 30 ಸಲ, ಒಟ್ಟು 60 ಗ್ರೇ (ಗ್ರೇ ಅಂದರೆ ರೇಡಿಯೇಷನ್ನಿನ ಅಳತೆ). ಅದಕ್ಕೆ ಮುಂಚೆ ಹಲ್ಲಿನ ವಿಭಾಗಕ್ಕೆ ಕಳಿಸಿ, ಬಲಗಡೆ ಉಳಿಯುವ ಭರವಸೆಯಿಲ್ಲದ ಎರಡು ಹಲ್ಲು ತೆಗೆದು, ಗಾಯ ಮಾಯಲು ಎರಡು ವಾರ ಕಾಯ್ದರು. ಇಷ್ಟೆಲ್ಲ ಕಿತ್ತ ಮೇಲೂ ಕೀಳುವುದು ಯಾಕೆ ಎಂದು ಗೊಣಗಿದೆ. ರೇಡಿಯೇಷನ್ ಬಿದ್ದ ಮೂಳೆಯ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ, ಮೂಳೆಗೆ ತನ್ನ ಗಾಯ ತಾನು ಮಾಯಿಸಿಕೊಳ್ಳುವ ಶಕ್ತಿ ಹೋಗುತ್ತದೆ, ಆಮೇಲೆ ಹಲ್ಲು ಕಿತ್ತರೆ ಆ ಗುಳಿಯಿಂದಲೇ ಮೂಳೆ ಸಾಯುತ್ತ ಹೋಗಬಹುದು ಅಂದರು. ಈ ಮಾತನ್ನು ಚೀಟಿಯಲ್ಲಿ ಬರೆಸಿಕೊಂಡು ಮಗಳು ನನ್ನ ಆಯುಷ್ಮಾನ್ ಕಾರ್ಡಿನ ಕವರಿನೊಳಗೆ ಇಟ್ಟಳು. ಆ ಚೀಟಿ ಮುಂದೆ ಕೆಲಸಕ್ಕೆ ಬಂತು.

ರೇಡಿಯೇಷನ್‌ನ ಆರು ವಾರದ ಬಗ್ಗೆ ಹೆಚ್ಚು ಬರೆಯಲಾರೆ. ಮುಖಕ್ಕೆ ಜಾಳಿಗೆಯಂಥ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಾರೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ನೋವಿಲ್ಲ. ಮೂರನೇ ವಾರದಿಂದ ಬಾಯಿ ಬೆಂದಂತಾಗಿ ಜೊಲ್ಲು ಬತ್ತಿ ಎಲ್ಲವೂ ಕಾಗದ ಅಗಿದ ರುಚಿ. ರೈಲಿನ ರಿಯಾಯಿತಿ ಫಾರಂ ಇದ್ದದ್ದರಿಂದ ಶನಿವಾರ ಊರಿಗೆ ಬಂದು ಭಾನುವಾರ ವಾಪಸ್ಸು. ತಿಪಟೂರು ದಾಟುವಾಗ ಯಾರಾದರೂ ಕಡ್ಲೆಕಾಯಿ ಬಿಡಿಸಿದರೆ ಮುಖ ಕಿಟಕಿಗೆ ತಿರುಗಿಸುತ್ತಿದ್ದೆ.

ಮುಖ ಹೇಗಾಯಿತು ಎಂದು ಎಲ್ಲರೂ ಕೇಳಬೇಕೆಂದುಕೊಂಡು ಕೇಳದೆ ಹೋಗುತ್ತಾರೆ, ಅದನ್ನೇ ಹೇಳುತ್ತೇನೆ. ಊತ ಇಳಿಯಲು ಆರು ತಿಂಗಳು ಬೇಕಾಯಿತು. ಗದ್ದ ನಡುವೆಯೇ ಇದೆ, ಓರೆಯಾಗಿಲ್ಲ. ಎಡಗಡೆ ದವಡೆಯ ಮೂಲೆ ಬಲಗಡೆಗಿಂತ ತುಸು ದುಂಡಗಿದೆ, ಕೆಳಗೆ ಕುತ್ತಿಗೆ ಗುಳಿ ಬಿದ್ದಿದೆ. ಗಂಟುಗಳನ್ನು ತೆಗೆಯುವಾಗ ಭುಜದ ನರಕ್ಕೆ ಎಳೆತ ಬಿದ್ದದ್ದರಿಂದ ಎಡಭುಜ ಇಳಿದಿದೆ. ಇದನ್ನು ಬೇರೆ ಯಾರೂ ಗುರುತಿಸಲಿಲ್ಲ. ನನ್ನ ಹಳೆಯ ಅಂಗಿ ಹಾಕಿಕೊಂಡಾಗ ಎಡಗಡೆಯ ಕಾಲರ್ ಎದ್ದು ನಿಂತಿತು, ತೋಳು ಮುಂಗೈ ದಾಟಿತು. ಟೇಪು ಹಿಡಿದು ನೋಡಿದರೆ ಮುಕ್ಕಾಲು ಇಂಚು ವ್ಯತ್ಯಾಸ. ಎಲ್ಲ ಅಂಗಿಗಳ ಎಡಭುಜ ಬಿಚ್ಚಿ ಒಳಗೆ ಒಂದು ತೆಳು ಪ್ಯಾಡ್ ಇಟ್ಟು ಹೊಲಿದೆ. ಈಗ ಎದುರಿಗೆ ನಿಂತವರಿಗೆ ಎರಡೂ ಭುಜ ಸಮ.

ಆರು ತಿಂಗಳ ಓಪಿಜಿಯಲ್ಲಿ ಎರಡು ತುಂಡುಗಳ ನಡುವಿನ ಕಪ್ಪು ಗೆರೆ ಮಸುಕಾಗಿತ್ತು. ವರ್ಷದ್ದರಲ್ಲಿ ಗೆರೆಯೇ ಇಲ್ಲ. ಕಾಲಿನ ಮೂಳೆ ದವಡೆಗೆ ಬೆಸೆದುಕೊಂಡಿತ್ತು. ಪಕ್ಕದಲ್ಲಿ ಟೈಟಾನಿಯಂ ಪ್ಲೇಟು, ಸ್ಕ್ರೂಗಳು ಬೆಳ್ಳಗೆ ಹೊಳೆಯುತ್ತವೆ, ಕಾಜಾ ಪಟ್ಟಿಯ ಮೇಲೆ ಗುಂಡಿ ಸಾಲಾಗಿ ಕೂತಂತೆ. ಎತ್ತರ ಮಾತ್ರ ಕಡಿಮೆ. ಕಾಲಿನ ಮೂಳೆ ಎಷ್ಟಾದರೂ ಸಣ್ಣದು, ಹಲ್ಲಿರುವ ಬಲದವಡೆಯ ಅರ್ಧದಷ್ಟೂ ಎತ್ತರವಿಲ್ಲ.

ಬಾಯಿ ತೆರೆಯುವ ಕಸರತ್ತು ದಿನಾ ನಡೆಯುತ್ತದೆ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಸೇರಿಸಿ, ಕಣ್ಣಲ್ಲಿ ನೀರು ಬರುವವರೆಗೆ ಇನ್ನೊಂದು ತುರುಕಬೇಕು. 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಬಾಯಿ ಕಟ್ಟಿದೆ ಅಂತಲೇ ಲೆಕ್ಕ. ರೇಡಿಯೇಷನ್ ಮುಗಿದಾಗ ನನ್ನದು 17. ಪ್ರತಿ ಸೋಮವಾರ ಅಂಗಡಿ ಬಾಗಿಲು ತೆಗೆದ ಮೇಲೆ ಟೇಪಿನಲ್ಲಿ ಅಳೆದು ಅಳತೆಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತೇನೆ. 19, 19, 21, ಮತ್ತೆ 20. ಒಂದು ವಾರ ಬಿಟ್ಟರೆ ಎರಡು ಮಿಲಿಮೀಟರ್ ವಾಪಸ್ಸು ಹೋಗುತ್ತದೆ, ಬಡ್ಡಿ ಸಾಲದವರ ಹಾಗೆ.

ಚೀಟಿಯ ಕಥೆ 2024ರದು. ಬಲಗಡೆಯ ಹಿಂದಿನ ಹಲ್ಲು ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ಬೆಂಗಳೂರು ದೂರ, ಪಕ್ಕದ ಪಟ್ಟಣ ಹತ್ತಿರ. ಒಂದು ಕ್ಲಿನಿಕ್ಕಿನಲ್ಲಿ ಕುರ್ಚಿಯ ಮೇಲೆ ಕೂತೂ ಆಯಿತು. ಬೆರಳಲ್ಲಿ ಅಲ್ಲಾಡಿಸಿ, “ಇದು ಉಳಿಯಲ್ಲ, ತೆಗೆದುಬಿಡೋಣ” ಅಂದರು. ಸಿರಿಂಜ್ ಕೈಗೆ ಬಂದಿತ್ತು. ನಾನು ಎದ್ದು ಕವರಿನಿಂದ ಚೀಟಿ ತೆಗೆದು ಕೊಟ್ಟೆ. ಓದಿ, ಸಿರಿಂಜ್ ಕೆಳಗಿಟ್ಟು, ಹಣ ತೆಗೆದುಕೊಳ್ಳದೆ ಕಳಿಸಿದರು. ಬೆಂಗಳೂರಿನಲ್ಲಿ ಹಲ್ಲು ಕೀಳಲಿಲ್ಲ. ಬೇರಿನ ಚಿಕಿತ್ಸೆ ಮಾಡಿ, ಮೇಲಿನ ಭಾಗವನ್ನು ವಸಡಿನ ಮಟ್ಟಕ್ಕೆ ಕತ್ತರಿಸಿ, ಬೇರನ್ನು ಮೂಳೆಯಲ್ಲೇ ಬಿಟ್ಟು ಮುಚ್ಚಿದರು. ಮೂಳೆಗೆ ಗಾಯವಾಗಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಇನ್ನೊಬ್ಬರಿಗೆ ಅಂಥ ಚೀಟಿ ಬರೆದುಕೊಡುವವರು ಇರಲಿಲ್ಲವೇನೋ. ಊರಲ್ಲಿ ಹಲ್ಲು ಕೀಳಿಸಿಕೊಂಡಿದ್ದರು, ಐದು ತಿಂಗಳಿಂದ ವಸಡಿನ ಮೇಲೆ ಹಳದಿ ಮೂಳೆ ಕಾಣುತ್ತಿತ್ತು.

ಕಾಲಿನ ಮೂಳೆಗೆ ಸ್ಕ್ರೂ ಹಾಕಿ ಹಲ್ಲು ಕೂರಿಸಬಹುದು, ಯೋಚನೆ ಮಾಡಿ ಅಂದಿದ್ದಾರೆ. ಖರ್ಚಿದೆ, ರೇಡಿಯೇಷನ್ ಬಿದ್ದ ಮೂಳೆಯಾದ್ದರಿಂದ ಅಪಾಯವೂ ಇದೆ. ಸದ್ಯಕ್ಕೆ ಬೇಡ ಅಂದೆ. ನಮ್ಮ ಕಡೆಯ ಊಟಕ್ಕೆ ಅದೊಂದು ಅನುಕೂಲ, ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಜೊಲ್ಲಿಲ್ಲದ ಬಾಯಿಗೆ ಸಾರು ಮಾತ್ರ ಎರಡರಷ್ಟು ಬೇಕು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ. ಎಲೆಅಡಿಕೆ ತಟ್ಟೆ ಬಂದಾಗ ಕೈ ಈಗಲೂ ತಾನಾಗಿ ಮುಂದೆ ಹೋಗುತ್ತದೆ, ನಾಚಿಕೆಯಿಲ್ಲದ ಕೈ.

ಎಡಗಾಲಿನ ಹೆಬ್ಬೆರಳು ಮಡಚುವುದಿಲ್ಲ, ಅದರ ಸ್ನಾಯು ಅಂಟಿಕೊಂಡಿದ್ದು ತೆಗೆದ ಮೂಳೆಗೇ ಅಲ್ಲವೇ. ಮೆಟ್ಟಿಲಿಳಿಯುವಾಗ ಗೊತ್ತಾಗುತ್ತದೆ, ಪೆಡಲ್ ತುಳಿಯುವಾಗ ಗೊತ್ತಾಗುವುದಿಲ್ಲ. ಮಗ ಮಿಷನ್‌ಗೆ ಮೋಟಾರ್ ಹಾಕಿಸಿಕೊಟ್ಟಿದ್ದಾನೆ. ಅದು ಹೆಚ್ಚಿನ ದಿನ ಸ್ವಿಚ್ಚು ಆರಿಸಿಕೊಂಡೇ ಇರುತ್ತದೆ. ಗುಂಡುಸೂಜಿಗೆ ಮಣಿಕಟ್ಟಿಗೆ ಕಟ್ಟುವ ಸಣ್ಣ ದಿಂಬು ಹೊಲಿದುಕೊಂಡಿದ್ದೇನೆ, ಒಳಗೆ ಹಳೆಯ ಬ್ಲೌಸಿನ ಚೂರು ತುಂಬಿಸಿ. ಆದರೂ ಗಡಿಬಿಡಿಯಲ್ಲಿ ಸೂಜಿ ತುಟಿಗೇ ಹೋಗುತ್ತದೆ, ಎಡಗಡೆಯದು ಟಣ್ ಎಂದು ಸಿಮೆಂಟಿನ ಮೇಲೆ ಬೀಳುತ್ತದೆ. ಅಂಗಡಿ ಮುಚ್ಚುವ ಮೊದಲು ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆಯುತ್ತೇನೆ. ನಿನ್ನೆ ನಾಲ್ಕು ಸಿಕ್ಕಿದವು.